ಜಾಜ್ ಗಿಟಾರಿನ ತುಂಬು ನಾದ ಬಲಗೈಯಲ್ಲಿದೆ

ಗಿಟಾರ್ ಕಲಿಯಲು ಶುರುಮಾಡಿ ಒಂದೆರಡು ವರ್ಷವಾದವರು ಜಾಜ್‌ನತ್ತ ಹೊರಳಿದಾಗ ಬಹುಪಾಲು ಎಲ್ಲರಿಗೂ ಒಂದೇ ತೊಡಕು ಎದುರಾಗುತ್ತದೆ. ಕಾರ್ಡುಗಳು ಕೈಗೆ ಕೂತಿರುತ್ತವೆ, ಸ್ಕೇಲುಗಳು ಓಡುತ್ತವೆ, ತಾಳವೂ ತಪ್ಪುವುದಿಲ್ಲ. ಆದರೆ ಧ್ವನಿಮುದ್ರಿಕೆಯಲ್ಲಿ ಕೇಳಿದ ಆ ತುಂಬಿದ, ಬೆಚ್ಚಗಿನ ನಾದ ಮಾತ್ರ ತಮ್ಮ ಗಿಟಾರಿನಿಂದ ಬರುವುದಿಲ್ಲ. ಸ್ವರ ತೆಳ್ಳಗೆ, ಚೂಪಾಗಿ, ಕಿವಿಗೆ ಚುಚ್ಚುವಂತೆ ಕೇಳುತ್ತದೆ. ಆಗ ಮೊದಲು ಹೊಳೆಯುವ ಪರಿಹಾರ ಖರ್ಚಿನದು: ಹೊಸ ಆಂಪ್, ಹೊಸ ಪೆಡಲ್, ಇಲ್ಲವೇ ಬೆಂಗಳೂರಿಗೆ ಹೋಗಿ ಹೊಸ ಗಿಟಾರ್.

ಹಣ ಬಿಚ್ಚುವ ಮೊದಲು ನಿಮ್ಮ ಬಲಗೈಯನ್ನು ನೋಡಿಕೊಳ್ಳಿ. ಎಡಗೈಯಲ್ಲಿ ಮೀಟುವವರಾದರೆ ಇಲ್ಲಿ ಬಲಗೈ ಎಂದಿರುವಲ್ಲೆಲ್ಲ ಎಡಗೈ ಎಂದು ಓದಿಕೊಳ್ಳಿ. ತಂತಿಯನ್ನು ಎಲ್ಲಿ, ಯಾವುದರಿಂದ, ಯಾವ ದಿಕ್ಕಿನಲ್ಲಿ ಮೀಟಿ ಬಿಡುತ್ತೀರಿ ಎಂಬುದರ ಮೇಲೆ ನಾದದ ಗುಣ ನಿಲ್ಲುತ್ತದೆ. ಆಂಪ್ ಆ ನಾದವನ್ನು ದೊಡ್ಡದು ಮಾಡಬಲ್ಲದು, ಒಂದಿಷ್ಟು ತಿದ್ದಬಲ್ಲದು. ತಂತಿಯಲ್ಲೇ ಹುಟ್ಟದ ತುಂಬುತನವನ್ನು ಅದು ಆಮೇಲೆ ಸೇರಿಸಲಾರದು.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕಲಿಯುವವರಿಗೆ ಈ ತೊಡಕು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳಲು ಕಾರಣವಿದೆ. ಇಲ್ಲಿ ಗಿಟಾರ್ ಕೈಗೆ ಬರುವುದು ಹೆಚ್ಚಾಗಿ ಗಣೇಶೋತ್ಸವದ ಆರ್ಕೆಸ್ಟ್ರಾ, ಚರ್ಚಿನ ಗಾಯನವೃಂದ, ಕಾಲೇಜಿನ ವಾರ್ಷಿಕೋತ್ಸವಗಳ ಮೂಲಕ. ಬಯಲಿನಲ್ಲಿ, ಡ್ರಮ್ಸ್ ಮತ್ತು ಕೀಬೋರ್ಡಿನ ನಡುವೆ ಗಿಟಾರ್ ಕೇಳಿಸಬೇಕಾದರೆ ತೆಳು ಪಿಕ್ ಹಿಡಿದು, ಬ್ರಿಡ್ಜಿನ ಹತ್ತಿರ, ಬಿರುಸಾಗಿ ಬಾರಿಸಬೇಕು. ಆ ಕೆಲಸಕ್ಕೆ ಅದೇ ಸರಿಯಾದ ಕೈ. ಜಾಜ್ ಕೇಳುವ ಕೈ ಬೇರೆ. ಅಲ್ಲಿ ಒಂದೊಂದು ಸ್ವರವೂ ಗಾಯಕನ ಬಾಯಿಂದ ಬಂದ ಹಾಗೆ ನಿಲ್ಲಬೇಕು.

ಹಿನ್ನೆಲೆ, ನಾಲ್ಕು ಮಾತಿನಲ್ಲಿ

ಜಾಜ್ ತಂಡಗಳಲ್ಲಿ ಗಿಟಾರ್ ಮೊದಲು ತಾಳ ಹಿಡಿಯುವ ವಾದ್ಯವಾಗಿತ್ತು. 1936ರಲ್ಲಿ ಗಿಬ್ಸನ್ ಕಂಪನಿಯ ಇಎಸ್-150 ಎಂಬ ವಿದ್ಯುತ್ ಗಿಟಾರ್ ಬಂತು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಅದರಲ್ಲಿ ಸ್ಯಾಕ್ಸೊಫೋನಿನಂತೆ ಒಂಟಿ ಸ್ವರಗಳ ಸಾಲು ನುಡಿಸಿ ಗಿಟಾರನ್ನು ಮುಂದಿನ ಸಾಲಿಗೆ ತಂದರು. ವಿದ್ಯುತ್ತಿನ ನೆರವಿಲ್ಲದ ಗಿಟಾರಿನಲ್ಲೇ ಜಾಂಗೊ ರೈನ್‌ಹಾರ್ಟ್ ಯುರೋಪನ್ನು ಬೆರಗುಗೊಳಿಸಿದರು. ಇಂಡಿಯಾನಾಪೊಲಿಸ್‌ನ ವೆಸ್ ಮಾಂಟ್‌ಗೊಮರಿ ಪಿಕ್ಕನ್ನೇ ಬಿಟ್ಟು ಹೆಬ್ಬೆರಳಿನಿಂದ ನುಡಿಸಿದರು. ರಾತ್ರಿಯ ಅಭ್ಯಾಸದಿಂದ ಅಕ್ಕಪಕ್ಕದವರಿಗೆ ತೊಂದರೆಯಾಗದಿರಲಿ ಎಂದು ಹಾಗೆ ಶುರುಮಾಡಿದರು ಎಂಬ ಮಾತು ಪ್ರಸಿದ್ಧ. ಬೆಂಗಳೂರಿನಲ್ಲೂ ಜೆರಾರ್ಡ್ ಮಚಾಡೊ, ಅಮಿತ್ ಹೇರಿ ಅವರಂಥ ಜಾಜ್ ಗಿಟಾರ್ ವಾದಕರು ಬೆಳೆದು ಹೆಸರು ಮಾಡಿದ್ದಾರೆ.

ಮೀಟಿನ ವಿಚಾರ ಕನ್ನಡಿಗರಿಗೆ ಹೊಸದೇನಲ್ಲ. ವೀಣೆ ಶೇಷಣ್ಣ, ಅವರ ನಂತರ ವೆಂಕಟಗಿರಿಯಪ್ಪ, ಅವರ ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರ ಮೂಲಕ ಬೆಳೆದ ಮೈಸೂರು ಬಾನಿಯಲ್ಲಿ ಮೀಟಿನ ಸ್ಪಷ್ಟತೆಗೆ ದೊಡ್ಡ ಸ್ಥಾನವಿದೆ. ವೈಣಿಕರು ತೋರುಬೆರಳು ಮತ್ತು ಮಧ್ಯದ ಬೆರಳಿನಿಂದ ನುಡಿಸುವ ತಂತಿಗಳನ್ನೂ ಕಿರುಬೆರಳಿನಿಂದ ತಾಳದ ತಂತಿಗಳನ್ನೂ ಮೀಟುತ್ತಾರೆ. ಕೆಲವರು ಉಗುರಿನಿಂದ, ಕೆಲವರು ಬೆರಳಿಗೆ ಹಾಕಿಕೊಂಡ ತಂತಿಯ ಮಿಜ್ರಾಬಿನಿಂದ. ವೀಣೆ ಒಂದೇ ಆದರೂ ಈ ಎರಡರ ನಾದ ಬೇರೆ. ಗಿಟಾರಿಗೂ ಇದೇ ನಿಯಮ.

ಮೀಟು ನಾದವನ್ನು ಹೇಗೆ ಬದಲಿಸುತ್ತದೆ?

ಮೀಟಿದ ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿ ಕೂಡ ಕಂಪಿಸುತ್ತದೆ. ಇಡೀ ತಂತಿಯ ಕಂಪನದಿಂದ ಮೂಲಸ್ವರ, ಭಾಗಗಳ ಕಂಪನದಿಂದ ಉಪಸ್ವರಗಳು. ಮೂಲಸ್ವರ ಮತ್ತು ಕೆಳಗಿನ ಉಪಸ್ವರಗಳು ಬಲವಾಗಿದ್ದರೆ ನಾದ ತುಂಬಿದಂತೆ ಕೇಳುತ್ತದೆ. ಮೇಲಿನ ಉಪಸ್ವರಗಳು ಹೆಚ್ಚಾದರೆ ಚೂಪಾಗುತ್ತದೆ. ಈ ಪಾಲನ್ನು ತೀರ್ಮಾನಿಸುವ ಸಂಗತಿಗಳು ಮೂರು.

ಮೊದಲನೆಯದು ಮೀಟುವ ಜಾಗ. ತಂತಿಯ ಯಾವ ಬಿಂದುವಿನಲ್ಲಿ ಮೀಟುತ್ತೀರೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲ. ತಂತಿಯ ನಟ್ಟನಡುವೆ ಮೀಟಿದರೆ 2, 4, 6ನೆಯ ಉಪಸ್ವರಗಳು ಅಡಗಿ ನಾದ ಟೊಳ್ಳಾಗಿ, ಕೊಳಲಿನಂತೆ ಕೇಳುತ್ತದೆ. ನಾಲ್ಕನೆಯ ಒಂದು ಭಾಗದಲ್ಲಿ ಮೀಟಿದರೆ 4, 8, 12ನೆಯವು ಅಡಗುತ್ತವೆ. ಬ್ರಿಡ್ಜಿನ ಪಕ್ಕದಲ್ಲೇ ಮೀಟಿದರೆ ಮೇಲಿನ ಉಪಸ್ವರಗಳು ಬಹುಮಟ್ಟಿಗೆ ಉಳಿದುಕೊಂಡು ಮೂಲಸ್ವರ ಬಡವಾಗುತ್ತದೆ.

ಎರಡನೆಯದು ಮೀಟುವ ತುದಿ. ಚೂಪಾದ, ಗಟ್ಟಿ ತುದಿ ತಂತಿಯನ್ನು ಒಂದೇ ಬಿಂದುವಿನಲ್ಲಿ ಮಡಿಸಿ ಬಿಡುತ್ತದೆ. ಆ ಚೂಪು ಮೂಲೆಯೇ ಮೇಲಿನ ಉಪಸ್ವರಗಳ ತವರು. ದುಂಡನೆಯ ತುದಿ ಅಥವಾ ಹೆಬ್ಬೆರಳಿನ ಮಾಂಸಲ ಭಾಗ ಅಗಲವಾದ ಜಾಗವನ್ನು ಹಿಡಿದು ಬಿಡುವುದರಿಂದ ಚಿಕ್ಕ ಚಿಕ್ಕ ಕಂಪನಗಳು ಅಲ್ಲೇ ಅಡಗುತ್ತವೆ. ವೆಸ್ ಅವರ ಮೃದು ನಾದದ ಗುಟ್ಟಿನಲ್ಲಿ ದೊಡ್ಡ ಪಾಲು ಇದೇ.

ಮೂರನೆಯದು ದಿಕ್ಕು. ತಂತಿಯನ್ನು ಮೇಲೆಳೆದು ಬಿಟ್ಟರೆ ಅದು ಫ್ರೆಟ್ಟಿಗೆ ಬಡಿದು ಚಟ್ ಎನ್ನುತ್ತದೆ. ಗಿಟಾರಿನ ಮೈಯತ್ತ ಒತ್ತಿ ಬಿಟ್ಟರೆ ನಾದ ಗಟ್ಟಿಯಾಗಿ, ಆಳವಾಗಿ ಹೊರಡುತ್ತದೆ. ರೆಸ್ಟ್ ಸ್ಟ್ರೋಕ್ ಎಂಬ ಕ್ರಮ ಇದಕ್ಕಾಗಿಯೇ ಇದೆ. ಮೀಟಿದ ಪಿಕ್ ಗಾಳಿಯಲ್ಲಿ ಹಾರದೆ ಮುಂದಿನ ತಂತಿಯ ಮೇಲೆ ಬಂದು ನಿಲ್ಲುತ್ತದೆ. ಮೈಕಿಲ್ಲದ ಗಿಟಾರಿನಲ್ಲಿ ಜಾಂಗೊ ಅಷ್ಟು ದೊಡ್ಡ ದನಿ ತೆಗೆದದ್ದಕ್ಕೆ ಇದು ಮುಖ್ಯ ಆಧಾರ.

ಹಂತ ಹಂತವಾಗಿ ಕೈ ತಿದ್ದಿಕೊಳ್ಳುವುದು

1. ಆಂಪ್ ಇಲ್ಲದೆ ಶುರುಮಾಡಿ. ವಿದ್ಯುತ್ ಗಿಟಾರ್ ಆದರೂ ಮೊದಲ ವಾರ ತಂತಿಯ ಸಹಜ ದನಿಯನ್ನೇ ಕೇಳಿ. ಆಂಪ್ ಹಾಕುವ ದಿನ ಕುತ್ತಿಗೆಯ ಕಡೆಯ ಪಿಕಪ್ ಆಯ್ದುಕೊಂಡು, ಟೋನ್ ನಾಬನ್ನು ಅರ್ಧಕ್ಕೆ ಇಳಿಸಿ, ಎಫೆಕ್ಟುಗಳನ್ನೆಲ್ಲ ತೆಗೆದುಹಾಕಿ.

2. ಮೂರು ಜಾಗ ಗುರುತಿಸಿ. ಬ್ರಿಡ್ಜಿನಿಂದ ಸುಮಾರು 3 ಸೆಂ.ಮೀ., 10 ಸೆಂ.ಮೀ. ಮತ್ತು 16 ಸೆಂ.ಮೀ. ದೂರದಲ್ಲಿ ಒಂದೇ ಸ್ವರವನ್ನು ಒಂದೇ ಬಲದಲ್ಲಿ ಮೀಟಿ. 648 ಮಿ.ಮೀ. ಉದ್ದದ ತಂತಿಯುಳ್ಳ ಗಿಟಾರಿನಲ್ಲಿ 16 ಸೆಂ.ಮೀ. ಎಂದರೆ ಹೆಚ್ಚು ಕಡಿಮೆ ನಾಲ್ಕನೆಯ ಒಂದು ಭಾಗ. ಹಲವು ಗಿಟಾರುಗಳಲ್ಲಿ ಕುತ್ತಿಗೆಯ ಪಿಕಪ್ ಇರುವುದೂ ಇದೇ ಆಸುಪಾಸಿನಲ್ಲಿ. ಜಾಜ್‌ನ ಒಂಟಿ ಸ್ವರಗಳಿಗೆ 10ರಿಂದ 16 ಸೆಂ.ಮೀ. ನಡುವಿನ ಪಟ್ಟಿ ನಿಮ್ಮ ಮನೆ ಎಂದುಕೊಳ್ಳಿ.

3. ಪಿಕ್ ಹಿಡಿಯುವುದನ್ನು ಸರಿಪಡಿಸಿ. ತೋರುಬೆರಳಿನ ಮೊದಲ ಗೆಣ್ಣಿನ ಪಕ್ಕದಲ್ಲಿ ಪಿಕ್ ಇಟ್ಟು ಹೆಬ್ಬೆರಳಿನಿಂದ ಮುಚ್ಚಿ. ಹೊರಗೆ 3–4 ಮಿ.ಮೀ. ತುದಿ ಕಂಡರೆ ಸಾಕು. ಹೆಚ್ಚು ತುದಿ ಬಿಟ್ಟಷ್ಟೂ ಪಿಕ್ ತೊನೆದು ಹತೋಟಿ ತಪ್ಪುತ್ತದೆ. ಹಿಡಿತ ಜಾರದಷ್ಟು ಬಿಗಿ ಇರಲಿ, ಬೆರಳಿನ ತುದಿ ಬೆಳ್ಳಗಾಗುವಷ್ಟು ಬೇಡ.

4. ಪಿಕ್ಕನ್ನು ತುಸು ವಾಲಿಸಿ. ಪಿಕ್ಕಿನ ಮುಖ ತಂತಿಗೆ ಚಪ್ಪಟೆಯಾಗಿ ತಾಗಿದರೆ ಟಿಕ್ ಎಂಬ ಶಬ್ದ ಮುಂದೆ ಬಂದು ಸ್ವರ ಹಿಂದೆ ಬೀಳುತ್ತದೆ. 20ರಿಂದ 30 ಡಿಗ್ರಿ ವಾಲಿಸಿದರೆ ಅಂಚು ತಂತಿಯ ಮೇಲೆ ಜಾರಿ ಹೊರಬಂದು ಸ್ವರ ದುಂಡಗಾಗುತ್ತದೆ. ಸಾಮಾನ್ಯವಾಗಿ ಪಿಕ್ಕಿನ ಮುಂಗಡೆಯ ಅಂಚು ನೆಲದ ಕಡೆ ವಾಲುತ್ತದೆ. ಜಾಜ್ ಗಿಟಾರ್ ವಾದಕ ಜಾರ್ಜ್ ಬೆನ್ಸನ್ ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ ಇದರ ವಿರುದ್ಧ ದಿಕ್ಕಿಗೆ ವಾಲಿಸಿ ನುಡಿಸುತ್ತಾರೆ. ಎರಡನ್ನೂ ನುಡಿಸಿ ನೋಡಿ ನಿಮ್ಮ ಮಣಿಕಟ್ಟಿಗೆ ಒಗ್ಗುವುದನ್ನು ಉಳಿಸಿಕೊಳ್ಳಿ.

5. ಆಳ ಕಡಿಮೆ ಮಾಡಿ. ತಂತಿಯ ಕೆಳಗೆ ಪಿಕ್ 1–2 ಮಿ.ಮೀ.ಗಿಂತ ಹೆಚ್ಚು ಇಳಿಯಬೇಕಿಲ್ಲ. ಆಳಕ್ಕಿಳಿದ ಪಿಕ್ ತಂತಿಯನ್ನು ಕಿತ್ತು ತೆಗೆಯುತ್ತದೆ. ಅತಿಯಾಗಿ ಎಳೆದು ಬಿಟ್ಟ ತಂತಿಯ ಬಿಗಿ ಆ ಗಳಿಗೆಯಲ್ಲಿ ಏರುವುದರಿಂದ ಸ್ವರ ಕೂಡ ಶ್ರುತಿಗಿಂತ ತುಸು ಮೇಲಕ್ಕೆ ಹೋಗಿ ಕೆಳಗಿಳಿಯುತ್ತದೆ. ಜಾಜ್ ಕಾರ್ಡುಗಳಲ್ಲಿ ಈ ಅಪಶ್ರುತಿ ಕೂಡಲೇ ಕೇಳಿಸುತ್ತದೆ.

6. ರೆಸ್ಟ್ ಸ್ಟ್ರೋಕ್ ರೂಢಿಸಿ. ನಾಲ್ಕನೆಯ ತಂತಿಯನ್ನು ಕೆಳಮುಖವಾಗಿ ಮೀಟಿ, ಪಿಕ್ ಮೂರನೆಯ ತಂತಿಯ ಮೇಲೆ ನಿಲ್ಲಲಿ. ಒಂದೊಂದು ತಂತಿಯಲ್ಲೂ ಹೀಗೆ ನಿಧಾನವಾಗಿ ಮಾಡಿ. ಅತಿ ತೆಳುವಾದ ಒಂದನೆಯ ತಂತಿಗೆ ಮುಂದೆ ಆಸರೆ ಇಲ್ಲ. ಅಲ್ಲಿ ಅದೇ ಬಲ, ಅದೇ ಚಿಕ್ಕ ಚಲನೆಯನ್ನು ಕೈಯಿಂದಲೇ ಕಾಯ್ದುಕೊಳ್ಳಬೇಕು.

7. ಮೇಲ್ಮೀಟು ಮತ್ತು ಕೆಳಮೀಟು ಒಂದೇ ದನಿ ಕೊಡಲಿ. ಬಹಳ ಜನರ ಮೇಲ್ಮೀಟು ತೆಳುವಾಗಿರುತ್ತದೆ. ಜಾಜ್‌ನ ಸ್ವಿಂಗ್ ಲಯದಲ್ಲಿ ಒತ್ತು ಹಲವು ಬಾರಿ ಎದುರೇಟಿನ ಮೇಲೆ, ಅಂದರೆ ಮೇಲ್ಮೀಟಿನ ಮೇಲೆ ಬೀಳುತ್ತದೆ. ಅದು ಬಡಕಲಾದರೆ ಸಾಲಿನ ಜೀವವೇ ಹೋಗುತ್ತದೆ. ಒಂದೇ ಸ್ವರವನ್ನು ಮೊದಲು ಕೆಳಮೀಟಿನಲ್ಲೇ, ಆಮೇಲೆ ಮೇಲ್ಮೀಟಿನಲ್ಲೇ, ಕೊನೆಗೆ ಬದಲಿಸುತ್ತ ನುಡಿಸಿ. ಕಣ್ಣು ಮುಚ್ಚಿ ಕೇಳಿದವರಿಗೆ ಯಾವುದು ಯಾವುದೆಂದು ಗೊತ್ತಾಗಬಾರದು.

8. ಎಡಗೈ ಮೇಲೇರಿದಾಗ ಬಲಗೈಯೂ ಸರಿಯಲಿ. ಬಹುತೇಕರು ಗಮನಿಸದ ಸಂಗತಿ ಇದು. ಹನ್ನೆರಡನೆಯ ಫ್ರೆಟ್ ಒತ್ತಿದಾಗ ಕಂಪಿಸುವ ತಂತಿ ಅರ್ಧ ಮಾತ್ರ, ಅಂದರೆ 324 ಮಿ.ಮೀ. ಉಳಿಯುತ್ತದೆ. ಆಗ 16 ಸೆಂ.ಮೀ. ದೂರದ ನಿಮ್ಮ ಜಾಗ ತಂತಿಯ ನಟ್ಟನಡುವಾಗಿ ಸ್ವರ ಟೊಳ್ಳಾಗುತ್ತದೆ. ಕೈಯನ್ನು 8 ಸೆಂ.ಮೀ. ಆಸುಪಾಸಿಗೆ ತಂದರೆ ಕೆಳಗಿನ ಸ್ವರಗಳಿಗಿದ್ದ ಮೈಕಟ್ಟು ಮೇಲಿನವಕ್ಕೂ ಬರುತ್ತದೆ.

9. ಸ್ವರವನ್ನು ಕೊನೆಯವರೆಗೆ ಹಿಡಿಯಿರಿ. ಮೀಟು ಎಷ್ಟೇ ಚೆನ್ನಾಗಿದ್ದರೂ ಎಡಗೈ ಬೇಗ ಬಿಟ್ಟರೆ ನಾದ ತುಂಡಾಗುತ್ತದೆ. ಫ್ರೆಟ್ಟಿನ ಲೋಹದ ಪಟ್ಟಿಗೆ ಆದಷ್ಟು ಹತ್ತಿರ ಒತ್ತಿ, ಮುಂದಿನ ಸ್ವರ ಹುಟ್ಟುವ ಗಳಿಗೆಯವರೆಗೆ ಬೆರಳನ್ನು ತೆಗೆಯಬೇಡಿ.

10. ಹೆಬ್ಬೆರಳನ್ನೂ ಕಲಿಯಿರಿ. ನಾಲ್ಕು ಬೆರಳುಗಳನ್ನು ಗಿಟಾರಿನ ಮೈಮೇಲೆ ಹಗುರವಾಗಿ ಊರಿ, ಹೆಬ್ಬೆರಳಿನ ಪಕ್ಕದ ಮೆತ್ತನೆಯ ಭಾಗದಿಂದ ಕೆಳಮುಖವಾಗಿ ಮೀಟಿ. ವೇಗ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಪಿಕ್ಕಿನಲ್ಲಿ ನುಡಿಸುವಾಗ ಯಾವ ನಾದವನ್ನು ಅರಸಬೇಕು ಎಂಬುದು ಕಿವಿಗೆ ಇದರಿಂದ ಮನದಟ್ಟಾಗುತ್ತದೆ.

ಯಾವ ಪಿಕ್, ಯಾವ ತಂತಿ?

ಅಂಗಡಿಗಳಲ್ಲಿ ಆರಂಭದವರಿಗೆ ಕೊಡುವ 0.5 ಮಿ.ಮೀ. ಆಸುಪಾಸಿನ ಪಿಕ್ ಬಾಗಿ ಚಿಮ್ಮುತ್ತದೆ. ಆ ಚಿಮ್ಮುವ ಶಬ್ದ ಸ್ವರದೊಂದಿಗೆ ಬೆರೆಯುತ್ತದೆ. ಜಾಜ್‌ಗೆ 1 ಮಿ.ಮೀ.ನಿಂದ 1.5 ಮಿ.ಮೀ.ವರೆಗಿನ ಬಾಗದ ಪಿಕ್ ಒಳ್ಳೆಯದು. ಡನ್‌ಲಪ್ ಕಂಪನಿಯ ಜಾಜ್ 3 ಎಂಬ ಚಿಕ್ಕ ಪಿಕ್ 1.38 ಮಿ.ಮೀ. ದಪ್ಪವಿದ್ದು ಹಲವರ ಮೆಚ್ಚುಗೆ ಪಡೆದಿದೆ. ಅದರ ತುದಿ ಚೂಪು. ಇನ್ನೂ ಮೃದು ನಾದ ಬೇಕಿದ್ದರೆ ಸಾಮಾನ್ಯ ಪಿಕ್ಕನ್ನು ತಿರುಗಿಸಿ ಅದರ ದುಂಡು ಮೂಲೆಯಿಂದ ಮೀಟಿ ನೋಡಿ. ಕಾಸು ಖರ್ಚಿಲ್ಲದ ಈ ಪ್ರಯೋಗ ಹಲವರ ತೊಡಕನ್ನು ಅರ್ಧ ಕಳೆಯುತ್ತದೆ.

ಗುಬ್ಬಿಯದು ತೆಂಗಿನ ಸೀಮೆ. ಬಲಿತ ಕಾಯಿಯ ಚಿಪ್ಪಿನಿಂದ ಒಳ್ಳೆಯ ಪಿಕ್ ಮಾಡಿಕೊಳ್ಳಬಹುದು. ಚಿಪ್ಪಿನ ಕಡಿಮೆ ಬಾಗಿದ ತುಂಡನ್ನು ಪಿಕ್ಕಿನ ಆಕಾರಕ್ಕೆ ಕತ್ತರಿಸಿ, ಮರಳು ಕಾಗದದಲ್ಲಿ ಸುಮಾರು 2 ಮಿ.ಮೀ. ದಪ್ಪಕ್ಕೆ ಉಜ್ಜಿ, ಅಂಚನ್ನು ದುಂಡಗೆ ನಯಗೊಳಿಸಿ. ಹೊರಮೈಯ ನಾರೆಲ್ಲ ಹೋಗಿರಬೇಕು. ಹೋಲಿಕೆಗೆ ಅವಧಿ ಮುಗಿದ ಎಟಿಎಂ ಕಾರ್ಡಿನಿಂದಲೂ ಒಂದು ಪಿಕ್ ಕತ್ತರಿಸಿಕೊಳ್ಳಿ, ಅದರ ದಪ್ಪ 0.76 ಮಿ.ಮೀ. ಎರಡರಿಂದಲೂ ಒಂದೇ ಸ್ವರ ಮೀಟಿದರೆ ದಪ್ಪ ಮತ್ತು ಅಂಚು ನಾದಕ್ಕೆ ಏನು ಮಾಡುತ್ತವೆ ಎಂಬುದು ಪುಸ್ತಕ ಓದದೆ ತಿಳಿಯುತ್ತದೆ.

ತಂತಿಗಳಲ್ಲಿ ಫ್ಲಾಟ್‌ವೌಂಡ್ ಬಗೆಯವು ಮೇಲ್ಮೈ ನಯವಾಗಿರುವುದರಿಂದ ಬೆರಳು ಮತ್ತು ಪಿಕ್ ಉಜ್ಜುವ ಶಬ್ದ ಕಡಿಮೆ, ನಾದವೂ ಮಂದ. ಆದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಇದ್ದ ತಂತಿಯಲ್ಲೇ ಕೈ ತಿದ್ದಿಕೊಂಡ ಮೇಲೆ ತಂತಿ ಬದಲಿಸಿದರೆ ಏನು ಯಾವುದರಿಂದ ಬಂತು ಎಂದು ಗೊತ್ತಾಗುತ್ತದೆ.

ದಿನದ ಅಭ್ಯಾಸ: ಅರ್ಧ ಗಂಟೆ

- ಮೊದಲ 5 ನಿಮಿಷ: ಖಾಲಿ ತಂತಿಗಳ ಮೇಲೆ ರೆಸ್ಟ್ ಸ್ಟ್ರೋಕ್. ಪ್ರತಿ ಸ್ವರವೂ ತಾನಾಗಿ ಅಡಗುವವರೆಗೆ ಕೇಳಿ.
- ಮುಂದಿನ 10 ನಿಮಿಷ: ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಒಂದು ಸ್ಕೇಲನ್ನು ಕೆಳಮೀಟು–ಮೇಲ್ಮೀಟು ಬದಲಿಸುತ್ತ ನುಡಿಸಿ. ದನಿ ಸಮವಾಗುವ ತನಕ ವೇಗ ಏರಿಸಬೇಡಿ.
- ಮುಂದಿನ 10 ನಿಮಿಷ: ನಿಮಗೆ ಬಾಯಿಪಾಠವಿರುವ ರಾಗವೊಂದನ್ನು ಹಾಡಿನಂತೆ ನುಡಿಸಿ. ಕುಣಿಗಲ್ ಕೆರೆಯ ಜನಪದ ಹಾಡು ಇದಕ್ಕೆ ಹೇಳಿ ಮಾಡಿಸಿದಂತಿದೆ. ಧಾಟಿ ಎಲ್ಲರಿಗೂ ಗೊತ್ತಿರುವುದರಿಂದ ಸ್ವರ ಹುಡುಕುವ ಕೆಲಸವಿಲ್ಲ, ಗಮನವೆಲ್ಲ ನಾದದ ಮೇಲೆ ನಿಲ್ಲುತ್ತದೆ. ಒಮ್ಮೆ ಬ್ರಿಡ್ಜಿನ ಬಳಿ, ಒಮ್ಮೆ ಫ್ರೆಟ್‌ಬೋರ್ಡಿನ ತುದಿಯಲ್ಲಿ, ಒಮ್ಮೆ ಹೆಬ್ಬೆರಳಿನಿಂದ ನುಡಿಸಿ.
- ಕೊನೆಯ 5 ನಿಮಿಷ: ಅದನ್ನೇ ಮೊಬೈಲಿನಲ್ಲಿ ಮುದ್ರಿಸಿ ಕೇಳಿ. ಪ್ರತಿ ಬಾರಿ ಮೊಬೈಲನ್ನು ಒಂದೇ ದೂರದಲ್ಲಿಡಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಟ್ರೆಬಲ್ ಪೂರ್ತಿ ಇಳಿಸುವುದು. ಚೂಪು ದನಿಗೆ ಹೆದರಿ ಟೋನ್ ನಾಬನ್ನು ಸೊನ್ನೆಗೆ ತಂದರೆ ನಾದ ಕಂಬಳಿ ಹೊದ್ದಂತಾಗುತ್ತದೆ. ಜಾಜ್‌ನ ನಾದ ಬೆಚ್ಚಗಿರುತ್ತದೆ, ಆದರೆ ಪ್ರತಿ ಸ್ವರದ ಆರಂಭವೂ ಸ್ಪಷ್ಟವಾಗಿರುತ್ತದೆ. ಆ ಸ್ಪಷ್ಟತೆ ಪಿಕ್ಕಿನಿಂದ ಬರಬೇಕು.

ಮೆತ್ತಗೆ ಮೀಟಿದರೆ ಮೃದು ನಾದ ಬರುತ್ತದೆಂಬ ನಂಬಿಕೆ. ಅಂಜುತ್ತ ಮೀಟಿದ ಸ್ವರ ಬಡಕಲಾಗಿರುತ್ತದೆ. ಮೃದುತನ ಬರುವುದು ಜಾಗ, ಅಂಚು, ವಾಲಿಕೆಯಿಂದ. ಮೀಟು ಮಾತ್ರ ದೃಢವಾಗಿರಬೇಕು.

ಪಿಕ್ಕನ್ನು ಅತಿಯಾಗಿ ವಾಲಿಸುವುದು. ದಪ್ಪ ತಂತಿಗಳ ಮೇಲೆ ಕರಕರ ಉಜ್ಜುವ ಸದ್ದು ಬಂದರೆ ವಾಲಿಕೆ ಮಿತಿ ಮೀರಿದೆ ಎಂದು ಅರ್ಥ.

ಮನೆಯಲ್ಲಿ ಹೊಂದಿಸಿದ್ದನ್ನೇ ವೇದಿಕೆಗೂ ಒಯ್ಯುವುದು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಸಭಾಂಗಣದಲ್ಲಿ ಜನ ತುಂಬಿದಾಗ ಅವರ ಮೈ, ಬಟ್ಟೆಗಳೇ ಮೇಲಿನ ಕಂಪನಗಳನ್ನು ಹೀರಿಕೊಳ್ಳುತ್ತವೆ. ಕೋಣೆಯಲ್ಲಿ ಹಿತವಾಗಿದ್ದ ನಾದ ಅಲ್ಲಿ ಮಂಕಾಗಬಹುದು. ನಾಬ್ ತಿರುಗಿಸುವ ಮೊದಲು ಕೈಯನ್ನು ಎರಡು ಸೆಂ.ಮೀ. ಬ್ರಿಡ್ಜಿನತ್ತ ಸರಿಸಿ ನೋಡಿ.

ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಪಿಕ್, ತಂತಿ, ಜಾಗ, ಆಂಪ್ ಒಂದೇ ದಿನ ಬದಲಿಸಿದರೆ ಏನೂ ಕಲಿತಂತಾಗುವುದಿಲ್ಲ. ವಾರಕ್ಕೆ ಒಂದು ಬದಲಾವಣೆ ಸಾಕು.

ಎಚ್ಚರಿಕೆಗಳು

- ಮಣಿಕಟ್ಟು, ಮೊಣಕೈ ಅಥವಾ ಹೆಬ್ಬೆರಳಿನ ಬುಡದಲ್ಲಿ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಹಟದಿಂದ ಮುಂದುವರಿಸಬೇಡಿ. ವಿಶ್ರಾಂತಿಯಿಂದ ಇಳಿಯದ ನೋವಿಗೆ ವೈದ್ಯರ ಸಲಹೆ ಬೇಕು.
- ನೈಲಾನ್ ತಂತಿಯ ಗಿಟಾರಿಗೆ ಯಾವ ಕಾರಣಕ್ಕೂ ಉಕ್ಕಿನ ತಂತಿ ಹಾಕಬೇಡಿ. ಆ ಬಿಗಿಗೆ ಬ್ರಿಡ್ಜ್ ಕಿತ್ತುಬರಬಹುದು.
- ತೆಳು ತಂತಿಯಿಂದ ದಪ್ಪ ತಂತಿಗೆ ಹೋದರೆ ಕುತ್ತಿಗೆಯ ಮೇಲಿನ ಎಳೆತ ಹೆಚ್ಚುತ್ತದೆ. ಕುತ್ತಿಗೆಯ ಒಳಗಿನ ಸರಳನ್ನು ತಿಳಿದವರಿಂದಲೇ ಹೊಂದಿಸಿಕೊಳ್ಳಿ.
- ಚಿಪ್ಪು ಉಜ್ಜುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಅದರ ಪುಡಿ ನುಣ್ಣಗಿರುತ್ತದೆ.

ಏನು ಕೇಳಬೇಕು?

ಕಿವಿ ತಯಾರಾಗದೆ ಕೈ ತಯಾರಾಗುವುದಿಲ್ಲ. ಹೆಬ್ಬೆರಳಿನ ನಾದಕ್ಕೆ 1960ರ ‘ದಿ ಇನ್‌ಕ್ರೆಡಿಬಲ್ ಜಾಜ್ ಗಿಟಾರ್ ಆಫ್ ವೆಸ್ ಮಾಂಟ್‌ಗೊಮರಿ’ ಕೇಳಿ. ಒಂಟಿ ಗಿಟಾರ್ ಇಡೀ ಸಭೆಯನ್ನು ಹೇಗೆ ತುಂಬುತ್ತದೆ ಎಂಬುದಕ್ಕೆ ಜೋ ಪಾಸ್ ಅವರ ‘ವರ್ಚುಓಸೊ’ ಇದೆ. ಕಡಿಮೆ ಸ್ವರ, ಅಳತೆಯ ಮೀಟು ಕಲಿಯಲು ಜಿಮ್ ಹಾಲ್ ಅವರಂಥ ಗುರು ಇಲ್ಲ. ನಮ್ಮವರೇ ಆದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥ್ ಅವರು ರುದ್ರೇಶ್ ಮಹಾಂತಪ್ಪ ಅವರೊಡನೆ ನುಡಿಸಿದ 2008ರ ‘ಕಿನ್ಸ್‌ಮೆನ್’ ಆಲ್ಬಮ್ಮನ್ನೂ ಕೇಳಿ. ಅದರಲ್ಲಿ ಎರಡು ಸ್ಯಾಕ್ಸೊಫೋನುಗಳ ನಡುವೆ ರೆಜ್ ಅಬ್ಬಾಸಿ ಅವರ ಗಿಟಾರ್ ತನ್ನ ಜಾಗ ಹೇಗೆ ಮಾಡಿಕೊಳ್ಳುತ್ತದೆ ಎಂಬುದು ಗಮನಿಸಬೇಕಾದದ್ದು. ಇವುಗಳ ಜೊತೆಗೆ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯನ್ನು ದಿನಕ್ಕೊಮ್ಮೆ ಕೇಳಿ. ಪ್ರತಿ ಮೀಟೂ ಎಲ್ಲಿ ಹುಟ್ಟಿ ಎಲ್ಲಿಯವರೆಗೆ ಬಾಳುತ್ತದೆ ಎಂಬುದರ ಮೇಲೆ ಕಿವಿ ಇಡಿ.

ತುಮಕೂರು ಜಿಲ್ಲೆಯಲ್ಲಿ ಗಿಟಾರ್ ಕಲಿಯುವ ಮಕ್ಕಳಿಗೆ ದುಬಾರಿ ವಾದ್ಯ ಕೊಡಿಸಲಾಗದೆ ಕೊರಗುವ ಪೋಷಕರಿಗೂ ಕಲಿಸುವ ಗುರುಗಳಿಗೂ ಒಂದು ಮಾತು. ಮನೆಯಲ್ಲಿರುವ ಸಾಧಾರಣ ಗಿಟಾರ್, ಒಂದು ದಪ್ಪ ಪಿಕ್ ಮತ್ತು ದಿನಕ್ಕೆ ಅರ್ಧ ಗಂಟೆಯ ಎಚ್ಚರದ ಅಭ್ಯಾಸದಿಂದ ಒಳ್ಳೆಯ ನಾದ ಖಂಡಿತ ಬರುತ್ತದೆ. ಮೊದಲ ಪಾಠದಿಂದಲೇ ಮಕ್ಕಳಿಗೆ ಎಡಗೈಯ ಬೆರಳುಗಳಷ್ಟೇ ಬಲಗೈಯ ಮೀಟನ್ನೂ ಕಲಿಸಿ. ವೇಗ ಮುಂದೆ ತಾನಾಗಿ ಬರುತ್ತದೆ, ಕೆಟ್ಟ ಮೀಟನ್ನು ಮುಂದೆ ತಿದ್ದುವುದು ಬಹಳ ಕಷ್ಟ.